ಹಂಪಯ್ಯನ ‘ಬರ್ರಿ’

ಹೈದರಾಬಾದಿನಲ್ಲಿ ಹಂಪಯ್ಯ ಎಲ್ಲಿ ಹೋದರೂ ಜನ ಅವನನ್ನು ಎಮ್ಮೆ ಎಂದು ಕರೆಯುತ್ತಿದ್ದರು. ಬೈಯುವುದಕ್ಕಲ್ಲ, ಪ್ರೀತಿಗೆ. ತರಕಾರಿಯವಳು ಎಮ್ಮೆ ಎಂದು ಕೂಗಿ ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕುತ್ತಿದ್ದಳು. ಚೌಕದ ಪೊಲೀಸ ಎಮ್ಮೆ ಎಂದು ಅವನ ಸ್ಕೂಟರ್ ನಿಲ್ಲಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಂಡು, ಅವನ ತಲೆಗೆ ಹೆಲ್ಮೆಟ್ ಇಲ್ಲದ್ದನ್ನು ಕಾಣದವನಂತೆ ಬಿಟ್ಟುಬಿಡುತ್ತಿದ್ದ. ಹಲ್ಲಿನ ಡಾಕ್ಟರು ಅವನ ಬಾಯಿ ಅಗಲ ತೆರೆಸಿ, ಇಕ್ಕಳ ಕೈಯಲ್ಲಿ ಹಿಡಿದು, ಕೀಳುವ ಮೊದಲು ಒಂದು ಸಲ ಆ ಮಾತು ಅನ್ನಿ ಎಂದು ಕೇಳಿದ್ದರು. ಇಷ್ಟು ಅಕ್ಕರೆ ನಿಜವಾದ ಎಮ್ಮೆಗೂ ಸಿಗಲಿಕ್ಕಿಲ್ಲ. ಅದು ದಿನಾ ಹಾಲು ಕೊಡಬೇಕು.

ಇದಕ್ಕೆಲ್ಲ ಕಾರಣ ಒಂದೇ ಮಾತು, ‘ಬರ್ರಿ’.

ಬೀದರ, ಕಲಬುರಗಿ ಕಡೆಯ ಮನೆಗಳಲ್ಲಿ ಬಾಗಿಲಿಗೆ ಬಂದವರನ್ನು ಬರ್ರಿ ಎಂದು ಒಳಗೆ ಕರೆಯುತ್ತಾರೆ. ಆ ಕೊನೆಯ ‘ರಿ’ಯಲ್ಲಿ ಇರುವ ಮರ್ಯಾದೆ ಎರಡು ಹಾರ ಹಾಕಿದರೂ ಬರುವುದಿಲ್ಲ. ಆದರೆ ತೆಲಂಗಾಣದ ತೆಲುಗಿನಲ್ಲಿ ‘ಬರ್ರೆ’ ಎಂದರೆ ಎಮ್ಮೆ. ರಿಗೂ ರೆಗೂ ನಡುವೆ ಇರುವ ಜಾಗ ಎಷ್ಟು? ಕೇಳುವವನ ಕಿವಿ ಒಂದಿಷ್ಟು ಜಾರಿದರೆ ಸಾಕು, ಮನೆಗೆ ಬಂದ ಅತಿಥಿ ಕೊಟ್ಟಿಗೆಗೆ ಹೋಗಿ ಬೀಳುತ್ತಾನೆ.

ಹಂಪಯ್ಯ ಮೊದಲು ನೀರಾವರಿ ಇಲಾಖೆಯಲ್ಲಿ ಗುಮಾಸ್ತನಾಗಿದ್ದ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಸಾಹೇಬರ ಕೆಮ್ಮು, ಸಾಹೇಬರ ಹೆಂಡತಿಯ ಸಿಟ್ಟು ಮಾಡಿ ತೋರಿಸುತ್ತಿದ್ದ. ಅದನ್ನು ನೋಡಿದವರೊಬ್ಬರು ಅವನನ್ನು ತೆಲುಗು ಟಿವಿಯ ಹಾಸ್ಯ ಕಾರ್ಯಕ್ರಮಕ್ಕೆ ಕರೆದೊಯ್ದರು. ಅಲ್ಲಿ ಕೊಟ್ಟ ಪಾತ್ರ ಮನೆಯಾಳಿನದು. ಮಾತಿಲ್ಲ. ಜಮೀನ್ದಾರ ಬಂದಾಗ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಲ್ಲಬೇಕು, ಅಷ್ಟೇ. ಜಮೀನ್ದಾರನ ವೇಷದಲ್ಲಿದ್ದವರು ಆಗಿನ ಬಹಳ ದೊಡ್ಡ ನಟ. ಬಾಗಿಲು ತೆರೆದ ಕೂಡಲೇ ಅಂಥ ದೊಡ್ಡ ಮನುಷ್ಯ ಎದುರಿಗೆ ನಿಂತದ್ದನ್ನು ಕಂಡು ಹಂಪಯ್ಯನ ಎದೆ ಬಾಯಿಗೆ ಬಂತು. ನಟನೆ ಮರೆತುಹೋಯಿತು, ತಾಯಿ ಕಲಿಸಿದ್ದು ನೆನಪಾಯಿತು. ಎರಡೂ ಕೈ ಜೋಡಿಸಿ, ಬಗ್ಗಿ, ‘ಬರ್ರಿ, ಬರ್ರಿ, ಒಳಗ ಬರ್ರಿ’ ಎಂದುಬಿಟ್ಟ.

ದೊಡ್ಡ ನಟ ಹೊಟ್ಟೆ ಹಿಡಿದುಕೊಂಡು ಕೂತರು. ಅವರು ನಕ್ಕ ಮೇಲೆ ಕ್ಯಾಮೆರಾದವನು ನಕ್ಕ, ಲೈಟಿನವರು ನಕ್ಕರು, ಚಹಾ ತಂದವನು ಕಪ್ಪು ಚೆಲ್ಲಿಕೊಂಡ. ನಿರ್ದೇಶಕ ಓಡಿಬಂದು ಅವನ ಭುಜ ಹಿಡಿದು, ‘ಜಮೀನ್ದಾರನ ಮುಖ ನೋಡಿಯೇ ಎಮ್ಮೆ ಅಂತೀಯಲ್ಲೋ, ಎಲ್ಲಿಂದ ತಂದೆ ಇದನ್ನ?’ ಎಂದು ತೆಲುಗಿನಲ್ಲಿ ಕೇಳಿದ.

ನಮ್ಮ ಮನೆಯಿಂದ, ಅದು ಮರ್ಯಾದೆಯ ಮಾತು ಎಂದು ಹೇಳಬಹುದಿತ್ತು. ಆದರೆ ಅಷ್ಟು ಜನ ತನಗಾಗಿ ನಕ್ಕದ್ದು ಅವನ ಜನ್ಮದಲ್ಲಿ ಅದೇ ಮೊದಲು.

‘ಸುಮ್ಮನೆ ಹಂಗೇ ಬಂತು ಸಾರ್’ ಎಂದ.

ಅಲ್ಲಿಂದ ಅವನ ಭಾಗ್ಯದ ಬಾಗಿಲು ತೆರೆಯಿತು. ಬಾಗಿಲು ಎಂದರೆ ಬಾಗಿಲೇ. ಪ್ರತಿ ವಾರ ಟಿವಿಯಲ್ಲಿ ಯಾರಾದರೊಬ್ಬರು ಬಾಗಿಲಿಗೆ ಬರುತ್ತಿದ್ದರು, ಮಂತ್ರಿ, ಇನ್ಸ್‌ಪೆಕ್ಟರ್, ಹೊಸ ಅಳಿಯ, ಸ್ವಾಮೀಜಿ. ಹಂಪಯ್ಯ ಗದ್ದ ಮುಂದೆ ಮಾಡಿ, ಕಣ್ಣು ಗರಗರ ತಿರುಗಿಸಿ, ‘ಬರ್‍ರ್‍ರ್‍ರೀ’ ಎಂದು ಎಳೆಯುತ್ತಿದ್ದ. ಸಿನಿಮಾದವರು ಕರೆದರು. ಅಲ್ಲಿಯೂ ಬಾಗಿಲೇ, ಸ್ವಲ್ಪ ದೊಡ್ಡದು. ತನಗೆ ಒಂದು ಗಂಭೀರ ಪಾತ್ರ ಬೇಕು ಎಂದು ಅವನು ಬಹಳ ದಿನ ಬೇಡಿಕೊಂಡ ಮೇಲೆ ಒಬ್ಬ ನಿರ್ದೇಶಕ ಮನಸ್ಸು ಕರಗಿ ಸಾಯುವ ತಂದೆಯ ಪಾತ್ರ ಕೊಟ್ಟ. ಹಂಪಯ್ಯ ಊಟ ಬಿಟ್ಟು ಸೊರಗಿ, ನಿಜವಾಗಿ ಅತ್ತು ಆ ದೃಶ್ಯ ಮಾಡಿದ. ಕೊನೆಯ ಉಸಿರಿನಲ್ಲಿ ಬಾಗಿಲ ಕಡೆ ನೋಡಿ, ಕರೆದೊಯ್ಯಲು ಬಂದವನಿಗೆ ‘ಬರ್ರಿ’ ಎನ್ನಬೇಕು ಎಂದು ಬರೆದಿದ್ದರು. ಯಮ ಬರುವುದೇ ಕೋಣನ ಮೇಲೆ. ಥಿಯೇಟರು ಶಿಳ್ಳೆಯಲ್ಲಿ ಮುಳುಗಿತು. ಇಂಥ ಮಾತು ಬರೆದವನ ತಲೆಯೇ ತಲೆ ಎಂದು ಎಲ್ಲರೂ ಹೊಗಳಿದರು. ಹಂಪಯ್ಯನ ಅಳುವನ್ನು ಯಾರೂ ನೋಡಲಿಲ್ಲ.

ಟಿವಿಯವರು ಒಂದು ಬುದ್ಧಿಮಾತು ಹೇಳಿದ್ದರು. ಆ ಮಾತನ್ನು ಹೊರಗೆ ಎಲ್ಲೆಂದರಲ್ಲಿ ಆಡಬೇಡ, ಜನ ಫೋನಿನಲ್ಲಿ ಹಿಡಿದುಕೊಂಡರೆ ನಮ್ಮ ಕಾರ್ಯಕ್ರಮ ಯಾರು ನೋಡುತ್ತಾರೆ, ಎಂದು. ಹಂಪಯ್ಯ ಅದನ್ನು ಮನೆಯೊಳಗೂ ಪಾಲಿಸಿದ. ಅವರಿದ್ದದ್ದು ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಹಳೆಯ ಅಪಾರ್ಟ್‌ಮೆಂಟಿನಲ್ಲಿ. ಬಂದವರಿಗೆ ಬರ್ರಿ ಎಂದರೆ ಅವರು ಮೆಟ್ಟು ಬಿಡುವುದನ್ನೂ ಮರೆತು ನಗುತ್ತಿದ್ದರು. ಅದಕ್ಕೇ ಅವನು ಬಾಯಿ ಮುಚ್ಚಿಕೊಂಡು ಬರೀ ಕೈ ಬೀಸಿ ಒಳಗೆ ಕಳಿಸುವುದನ್ನು ರೂಢಿ ಮಾಡಿಕೊಂಡ, ಚೌಕದ ಪೊಲೀಸನ ಹಾಗೆ.

ಅವನ ತಾಯಿ ಗೋದಾಬಾಯಿ ಮಾತ್ರ ಬಿಡಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೂ ಅವಳು ಬರ್ರಿ ಎನ್ನುತ್ತಿದ್ದಳು. ಅವನು ಸಿಲಿಂಡರ್ ಕೆಳಗಿಟ್ಟು ನಗುತ್ತಿದ್ದ. ಅವನ ನಗು ಮುಗಿಯುವ ತನಕ ಅವಳು ಸೆರಗು ಹೊದ್ದು ನಿಂತಿರುತ್ತಿದ್ದಳು.

‘ಅವ್ವಾ, ಬಿಡಬಾರದ ಅದನ್ನ? ನಗ್ತಾರ’ ಎಂದ ಹಂಪಯ್ಯ ಒಮ್ಮೆ.

‘ನಗಲಿ. ಮನಿಗೆ ಬಂದವರಿಗೆ ತೆಲುಗಿನವರು ರಂಡಿ ಅಂತಾರ. ಅದು ನಮ್ಮ ಕಿವಿಗೆ ಹ್ಯಾಂಗ ಕೇಳತೈತಿ ಅಂತ ನಾ ಯಾವತ್ತರ ನಕ್ಕೇನೇನು? ಅವರ ಮರ್ಯಾದಿ ಅವರಿಗೆ ಅಂತ ಒಳಗ ಹೋಗಿ ಕುಂತು, ಚಹಾ ಕುಡದು ಬಂದೀನಿ.’

‘ನಾ ಏನ್ ಮಾಡ್ಲಿ, ಹೊಟ್ಟಿಪಾಡು.’

‘ಹೊಟ್ಟಿ ನಿಂದು, ಮಾತು ನಂದು. ಕೇಳಿ ಒಯ್ದಿದ್ದಿ ಏನು?’

ಅವಳು ಅಷ್ಟು ಹೇಳಿ ಬಟಾಣಿ ಸುಲಿಯುತ್ತ ಕೂತಳು. ಹಂಪಯ್ಯ ಮತ್ತೆ ಆ ಸುದ್ದಿಗೆ ಹೋಗಲಿಲ್ಲ.

ಹೀಗಿರುವಾಗ ಮಗಳು ಶರ್ವರಿಯ ಮದುವೆಯ ಮಾತು ಬಂತು. ಅವಳು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣ ಪರೀಕ್ಷಿಸುವ ಕೆಲಸದಲ್ಲಿದ್ದಳು. ಅಲ್ಲಿಯೇ ಕೆಲಸ ಮಾಡುವ ವಿಶ್ವಜಿತ್‌ನನ್ನು ಮೆಚ್ಚಿದ್ದಳು. ಹುಡುಗ ನಮ್ಮವನೇ, ಹುಮನಾಬಾದ ಕಡೆಯವನು, ಒಳ್ಳೆಯವನು. ಇನ್ನೇನು ಬೇಕು? ಆದರೆ ಹುಡುಗನ ತಂದೆ ಸಿದ್ದರಾಮಪ್ಪ ಒಲ್ಲೆ ಎಂದರು.

‘ಯಾಕಂತ?’ ಎಂದು ಹಂಪಯ್ಯ ಕೇಳಿದ. ‘ನಾ ಸಿನಿಮಾದವ ಅಂತನೋ?’

‘ಅಲ್ಲ ಪಪ್ಪಾ’ ಎಂದಳು ಶರ್ವರಿ. ಅವಳಿಗೆ ಹೇಳಲು ಮನಸ್ಸಿರಲಿಲ್ಲ. ‘ಅವರದು ಬೇಗಂ ಬಜಾರ್‌ದಾಗ ಒಣಮೆಣಸಿನಕಾಯಿ ಹೋಲ್‌ಸೇಲ್ ಅಂಗಡಿ ಐತಲ್ಲ. ಅವರ ಅಪ್ಪನ ಕಾಲದಿಂದ, ಗಿರಾಕಿ ಬಂದ್ರ ಎದ್ದು ನಿಂತು ಬರ್ರಿ ಅಂತಿದ್ರಂತ. ಮಾರವಾಡಿ ಬರಲಿ, ತೆಲುಗಿನವರು ಬರಲಿ, ಅದೇ ಮಾತು. ನಿಮ್ಮ ಕಾರ್ಯಕ್ರಮ ಶುರು ಆದಮ್ಯಾಲ ಅವರು ಬಾಯಿ ತೆರೆದ್ರ ಸಾಕು, ಹಮಾಲರು ಮೂಟಿ ಒಗದು ನಗ್ತಾರಂತ. ಎದುರಂಗಡಿಯವ ಹುಲ್ಲು ತಂದು ಇಟ್ಟಿದ್ನಂತ ಗಲ್ಲಾದ ಮ್ಯಾಲ. ಈಗ ಅವರು ಆಯಿಯೇ ಆಯಿಯೇ ಅಂತ ಹಿಂದಿಯೊಳಗ ಕರೀತಾರ. ನಮ್ಮ ಮಾತು ಎಮ್ಮಿ ಮಾಡಿದವನ ಮನಿಗೆ ನಾ ಹೆಣ್ಣು ಕೇಳಾಕ ಹೋಗೂದಿಲ್ಲ ಅಂದಾರ.’

ಆ ನಗುವನ್ನು ಹಂಪಯ್ಯ ಇಷ್ಟು ವರ್ಷ ಸ್ಟುಡಿಯೋದ ಕುರ್ಚಿಗಳಲ್ಲಿ ಮಾತ್ರ ನೋಡಿದ್ದ. ಅದು ಊರೊಳಗೆ ಇಳಿದು ಯಾರ ಯಾರ ಅಂಗಡಿಗೆ ಹೋಗಿ ಕೂತಿದೆ ಎಂದು ನೋಡಿರಲಿಲ್ಲ.

‘ಒಟ್ಟಿನ್ಯಾಗ ಒಂದು ಸಲ ಬರ್ತಾರ’ ಎಂದಳು ಶರ್ವರಿ. ‘ವಿಶ್ವಜಿತ್ ಹಟ ಹಿಡದಾನ. ಒಂದ ಸಲ ಹೋಗಿ ನೋಡ್ತೀನಿ, ಮನಸ್ಸಿಗೆ ಬರಲಿಲ್ಲಂದ್ರ ಮತ್ತ ಸುದ್ದಿ ಎತ್ತಬ್ಯಾಡ್ರಿ ಅಂದಾರ. ಪಪ್ಪಾ, ನೀವು ಬಾಗಲದಾಗ...’

ಅವಳು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಆ ಭಾನುವಾರ ಹಂಪಯ್ಯನ ಹೆಂಡತಿ ಸ್ನೇಹಲತಾ ಮಂಡಕ್ಕಿಯ ಸುಸಲಾ ಮಾಡಿ, ಮಿರ್ಚಿ ಭಜಿಗೆ ಹಿಟ್ಟು ಕಲಸಿಟ್ಟಿದ್ದಳು. ಹಂಪಯ್ಯ ಬಿಳಿ ಅಂಗಿ ತೊಟ್ಟು ಬಾಗಿಲ ಹಿಂದೆಯೇ ನಿಂತಿದ್ದ. ಗಂಟೆ ಬಾರಿಸಿತು. ಬಾಗಿಲು ತೆರೆದ.

ಸಿದ್ದರಾಮಪ್ಪ ನಿಂತಿದ್ದರು. ಗರಿಗರಿ ಧೋತರ, ತಲೆಗೆ ಕರಿ ಟೊಪ್ಪಿಗೆ. ಮೈಯಿಂದ ಮೆಣಸಿನಕಾಯಿಯ ಘಾಟು. ಅವರ ಹಿಂದೆ ತಲೆ ತಗ್ಗಿಸಿಕೊಂಡು ವಿಶ್ವಜಿತ್. ಅವರ ಹಿಂದೆ, ಹಂಪಯ್ಯ ಹೆದರಿದ್ದಂತೆಯೇ, ಎದುರು ಮನೆಯ ಬಾಗಿಲೂ ಪಕ್ಕದ ಮನೆಯ ಬಾಗಿಲೂ ತೆರೆದಿದ್ದವು. ಹಂಪಯ್ಯನ ಮನೆಗೆ ಯಾರೋ ದೊಡ್ಡವರು ಬಂದಿದ್ದಾರೆಂದರೆ ಇಂದಾದರೂ ಅವನು ಆ ಮಾತು ಆಡಿಯಾನು ಎಂದು ಅವರಿಗೆ ಆಸೆ. ಒಬ್ಬಾಕೆ ಫೋನು ಹಿಡಿದೇ ನಿಂತಿದ್ದಳು.

‘ಶರಣ್ರೀ’ ಎಂದ ಹಂಪಯ್ಯ, ಕೈ ಮುಗಿದು.

‘ಶರಣು’ ಎಂದರು ಸಿದ್ದರಾಮಪ್ಪ. ಅಲುಗಲಿಲ್ಲ.

ಹಂಪಯ್ಯನ ಗಂಟಲಿನ ತನಕ ಆ ಮಾತು ಬಂತು. ಫೋನು ಕಂಡಿತು. ಅಲ್ಲಿಯೇ ನಿಂತಿತು. ಕಡೆಗೆ ಅವನ ಬಾಯಿಂದ ಹೊರಟದ್ದು, ‘ಬನ್ನಿ.’

‘ಏನಂದ್ರಿ?’

‘ಬನ್ನಿ, ಬನ್ನಿ.’

ಸಿದ್ದರಾಮಪ್ಪ ಅತ್ತಿತ್ತ ನೋಡಿದರು. ‘ದಸರಾ ಇನ್ನೂ ಭಾಳ ದೂರ ಐತ್ರಿ. ಈಗ್ಯಾಕ ಬನ್ನಿ? ಬನ್ನಿ ಅಂದ್ರ ನಮ್ಮ ಕಡೆ ಗಿಡ. ಎಲಿ ಕೊಟ್ಟು ಬಂಗಾರದಂಗ ಇರೋಣು ಅಂತಾರ.’

‘ಹಂಗಲ್ರೀ, ಬೆಂಗಳೂರು ಕಡೆ...’

‘ನಾ ಬೇಗಂ ಬಜಾರ್‌ದಿಂದ ಬಂದೀನಿ. ನೀವು ಬೆಂಗಳೂರಿನಾಗ ಕರೀಲಿಕ್ಹತ್ತೀರಿ.’

‘ಒಳಗ ನಡೀರಿ ಅಂದೆ.’

‘ನಡಿ ನಡಿ ಅಂತ ದನಕ್ಕ ಅಂತಾರ. ಮನಿಗೆ ಬಂದವರಿಗೆ ಏನಂತಾರ ಅಂತ ನಿಮಗ ಗೊತ್ತೈತಿ. ನಿಮಗ ಗೊತ್ತಿದ್ದಷ್ಟು ಈ ಊರಾಗ ಯಾರಿಗೂ ಗೊತ್ತಿಲ್ಲ. ಕರೀದ ಒಳಗ ಕಾಲಿಡೂ ಪದ್ಧತಿ ನಮ್ಮಲ್ಲಿಲ್ಲ.’

ಎದುರು ಮನೆಯಾಕೆ ಘಾಟಿಗೆ ಸೀನಿದಳು. ಬಾಗಿಲ ಮರೆಯಿಂದ ಶರ್ವರಿ ತನ್ನನ್ನು ನೋಡುತ್ತಿರುವುದು ಹಂಪಯ್ಯನಿಗೆ ತಿಳಿಯಿತು. ಅವನು ಉಸಿರು ತುಂಬಿಕೊಂಡ. ಜನ ನೋಡಿದರೆ ನೋಡಲಿ, ಟಿವಿಯವರು ಬಿಟ್ಟರೆ ಬಿಡಲಿ ಎಂದು ಗಟ್ಟಿಮನಸ್ಸು ಮಾಡಿ ಬಾಯಿ ತೆರೆದ.

‘ಬರ್‍ರ್‍ರ್‍ರೀ.’

ಗದ್ದ ತಾನಾಗಿಯೇ ಮುಂದೆ ಬಂದಿತ್ತು. ಕಣ್ಣು ತಾವಾಗಿಯೇ ತಿರುಗಿದ್ದವು. ಅವನು ಮಾಡಿದ್ದಲ್ಲ. ಬಾಯಿಗೆ ಬೇರೆ ದಾರಿ ಮರೆತುಹೋಗಿತ್ತು. ಎರಡೂ ಬಾಗಿಲುಗಳಿಂದ ನಗು ಧೋ ಎಂದು ಸುರಿಯಿತು. ವಿಶ್ವಜಿತ್‌ನಿಗೂ ತಡೆಯಲಾಗಲಿಲ್ಲ. ಆ ಪಾಪದವನು ಕೆಮ್ಮಿದಂತೆ ಮಾಡಿದ.

ಸಿದ್ದರಾಮಪ್ಪನವರ ಮುಖ ಅವರ ಸರಕಿನ ಬಣ್ಣಕ್ಕೆ ತಿರುಗಿತು. ‘ಮುಗೀತು’ ಎಂದು ಹೊರಳಿದರು.

‘ತಡೀರಿ.’

ಒಳಗಿನಿಂದ ಗೋದಾಬಾಯಿ ಬಂದಿದ್ದಳು. ಅವಸರ ಎಂಬುದು ಅವಳ ನಡಿಗೆಯಲ್ಲಿ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ. ಸೆರಗು ಸರಿಮಾಡಿಕೊಂಡು ಮಗನ ರಟ್ಟೆ ಹಿಡಿದಳು.

‘ನೀ ಹೊರಗ ನಡಿ.’

‘ಅವ್ವಾ?’

‘ಹೊರಗ ನಡಿ ಅಂದೆ. ಅವರ ಬಾಜೂಕ ನಿಂದರು. ಚಪ್ಪಲಿ ಬ್ಯಾಡ, ಹಂಗ ಹೋಗು.’

ಊರೆಲ್ಲ ಬಲ್ಲ ನಟ ಬರಿಗಾಲಲ್ಲಿ ತನ್ನ ಮನೆಯ ಹೊರಗೆ ಸಿದ್ದರಾಮಪ್ಪನವರ ಪಕ್ಕದಲ್ಲಿ ನಿಂತ. ಗೋದಾಬಾಯಿ ಇಬ್ಬರನ್ನೂ ನೋಡಿದಳು. ನಗುತ್ತಿದ್ದವರ ನಗು ಮುಗಿಯಲಿ ಎಂದು ಕಾದಳು. ಕಾಯುವುದರಲ್ಲಿ ಅವಳನ್ನು ಸೋಲಿಸಿದವರಿಲ್ಲ. ಫೋನು ಹಿಡಿದಾಕೆಯ ಕೈ ಸೋತು ಕೆಳಗಿಳಿಯಿತು. ಆಗ ಗೋದಾಬಾಯಿ ತಲೆಯನ್ನು ಒಂದಿಷ್ಟು ಬಗ್ಗಿಸಿ ಹೇಳಿದಳು.

‘ಬರ್ರಿ ಸಿದ್ದರಾಮಪ್ಪನವರ. ಬರ್ರಿ ಹಂಪಯ್ಯನವರ.’

ಎಳೆಯಲಿಲ್ಲ, ಏರಿಸಲಿಲ್ಲ. ಕುಡಿಯಲು ನೀರು ಕೊಟ್ಟಂತಿತ್ತು. ತಾಯಿ ತನ್ನನ್ನು ಎಂದೂ ಬಹುವಚನದಲ್ಲಿ ಕರೆದವಳಲ್ಲ. ಹೊರಗೆ ನಿಂತು ಕೇಳಿದಾಗ ಆ ಮಾತು ಹೇಗಿರುತ್ತದೆ ಎಂದು ಹಂಪಯ್ಯನಿಗೆ ಆಗ ಗೊತ್ತಾಯಿತು. ಕಾಲು ತಾವೇ ಒಳಗೆ ಹೋಗುತ್ತವೆ. ಸಿದ್ದರಾಮಪ್ಪನವರ ಕಾಲೂ ಹೋದವು.

ಸುಸಲಾ ಎರಡನೇ ಸಲ ಹಾಕಿಸಿಕೊಂಡರು. ಭಜಿಯಲ್ಲಿನ ಮೆಣಸಿನಕಾಯಿಯ ಊರು ಯಾವುದೆಂದು ಗುರುತಿಸಿದರು. ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಗೋದಾಬಾಯಿಯ ಕಡೆ ತಿರುಗಿ ಹೇಳಿದರು.

‘ಹುಡುಗಿ ಛಲೋ ಐತಿ. ನನಗ ಬ್ಯಾರೆ ಏನೂ ಬ್ಯಾಡ, ಬಂಗಾರ ಬ್ಯಾಡ, ಗಾಡಿ ಬ್ಯಾಡ. ಮದುವಿ ದಿನ ನಮ್ಮ ಮಂದಿ ಹುಮನಾಬಾದದಿಂದ ಬರ್ತಾರ. ಬಾಗಲದಾಗ ಇವರು ನಿಂತು ಕರೀಬೇಕು. ನೀವಲ್ಲ, ಇವರು. ಈಗ ನೀವು ಕರದ್ರಲ್ಲ, ಹಂಗ. ಎಮ್ಮಿ ಇರಬಾರದು.’

‘ಆತು’ ಎಂದಳು ಗೋದಾಬಾಯಿ. ಹಂಪಯ್ಯನನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ತಾಲೀಮು ಶುರುವಾಯಿತು. ಜನ ತಮ್ಮ ಮಾತು ಬಿಟ್ಟು ಬೇರೆಯವರ ಮಾತು ಕಲಿಯುವುದಕ್ಕೆ ಮೇಷ್ಟ್ರನ್ನು ಇಟ್ಟುಕೊಳ್ಳುತ್ತಾರೆ. ಹಂಪಯ್ಯನಿಗೆ ತನ್ನ ಮಾತಿಗೇ ಮೇಷ್ಟ್ರು ಬೇಕಾಯಿತು. ದಿನಾ ಚಹಾ ಆದ ಮೇಲೆ ಗೋದಾಬಾಯಿ ಹೊರಗೆ ಹೋಗಿ ಗಂಟೆ ಬಾರಿಸುತ್ತಿದ್ದಳು. ಅವನು ಬಾಗಿಲು ತೆರೆದು ಬರ್ರಿ ಎನ್ನಬೇಕು.

‘ಇದರಾಗ ಎಮ್ಮಿ ಐತಿ. ಮತ್ತೊಮ್ಮಿ’ ಎಂದು ಅವಳೇ ಬಾಗಿಲು ಮುಚ್ಚುತ್ತಿದ್ದಳು.

‘ಬರ್ರಿ.’

‘ಈಗ ಕರು ಐತಿ. ಮತ್ತೊಮ್ಮಿ.’

‘ಬರ್ರಿ ಅವ್ವಾ.’

‘ಬಾಲ ಕಾಣಾಕತ್ತೈತಿ ಇನ್ನೂ.’

ಸ್ನೇಹಲತಾ ಸೆರಗು ಬಾಯಿಗಿಟ್ಟುಕೊಂಡು ಅಡಿಗೆಮನೆಗೆ ಓಡುತ್ತಿದ್ದಳು. ಹಂಪಯ್ಯನಿಗೆ ಸಿಟ್ಟು ಬರುತ್ತಿತ್ತು, ಆಮೇಲೆ ನಗು, ಆಮೇಲೆ ಯಾವುದೂ ಇಲ್ಲ. ಒಂದು ದಿನ ಗಂಟೆ ಬಾರಿಸಿದಾಗ ಅವನು ಪೇಪರು ಓದುತ್ತಿದ್ದ. ಎದ್ದು ಹೋಗಿ, ಮನಸ್ಸು ಎಲ್ಲೋ ಇಟ್ಟುಕೊಂಡು, ಬಾಗಿಲು ತೆರೆದು ‘ಬರ್ರಿ’ ಎಂದ. ಎದುರಿಗೆ ಗೋದಾಬಾಯಿ ಇರಲಿಲ್ಲ, ಸಿಲಿಂಡರಿನವನಿದ್ದ. ಅವನು ನಗಲಿಲ್ಲ. ಸಿಲಿಂಡರ್ ಹೊತ್ತು ಸುಮ್ಮನೆ ಒಳಗೆ ಬಂದ.

‘ಈಗ ಆತು ನೋಡು’ ಎಂದಳು ಗೋದಾಬಾಯಿ, ಕೂತಲ್ಲಿಂದಲೇ.

ಮದುವೆ ಬೇಗಂಪೇಟೆಯ ಒಂದು ಫಂಕ್ಷನ್ ಹಾಲಿನಲ್ಲಿ ಆಯಿತು. ಹುಮನಾಬಾದದ ಬಸ್ಸು ಬಂದು ನಿಂತಾಗ ಹಂಪಯ್ಯ ಬಾಗಿಲಲ್ಲಿ ನಿಂತಿದ್ದ. ಇಳಿದವರಲ್ಲಿ ಹಲವರು ಎಮ್ಮೆಯನ್ನು ನೋಡುವ ಆಸೆಯಿಂದಲೇ ಬಂದವರು. ಹಂಪಯ್ಯ ಕೈ ಮುಗಿದು ಒಬ್ಬೊಬ್ಬರಿಗೂ ‘ಬರ್ರಿ’ ಎಂದ. ಮುದುಕರು ‘ಬಂದ್ವಿ, ಬಂದ್ವಿ’ ಎನ್ನುತ್ತ ಒಳಗೆ ನಡೆದರು. ಕಿರಿಯರು ಇನ್ನೇನು ನಗಬೇಕು ಎಂದು ಬಾಯಿ ತೆರೆದು, ನಗುವಂಥದ್ದು ಏನೂ ಕಾಣದೆ ಮುಚ್ಚಿಕೊಂಡರು. ಸಿದ್ದರಾಮಪ್ಪ ಬೀಗನ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, ‘ನಮ್ಮಪ್ಪ ಹಿಂಗ ಕರೀತಿದ್ದ’ ಎಂದರು. ಹಂಪಯ್ಯನಿಗೆ ಆವರೆಗೆ ಸಿಕ್ಕ ಯಾವ ಪ್ರಶಸ್ತಿಯನ್ನೂ ಹೀಗೆ ಕೈ ಹಿಡಿದು ಕೊಟ್ಟಿರಲಿಲ್ಲ.

ಸಂಜೆ ಆರತಕ್ಷತೆಗೆ ಟಿವಿಯವರೂ ಸಿನಿಮಾದವರೂ ಬಂದರು. ಈಗ ಬಾಗಿಲಲ್ಲಿ ಬೀಗರಿಬ್ಬರೂ ಅಕ್ಕಪಕ್ಕ ನಿಂತಿದ್ದರು. ಮೊದಲ ದಿನ ಹಂಪಯ್ಯನ ಭುಜ ಹಿಡಿದಿದ್ದ ನಿರ್ದೇಶಕ, ಈಗ ತಲೆ ನೆರೆತವನು, ಹತ್ತಾರು ಜನರನ್ನು ಹಿಂದಿಟ್ಟುಕೊಂಡು ಬಂದು, ಎದೆ ಉಬ್ಬಿಸಿ ಎದುರು ನಿಂತ. ನಗಲು ತಯಾರಾಗಿಯೇ ಬಂದಿದ್ದ.

‘ಬರ್ರಿ ಸಾರ್’ ಎಂದ ಹಂಪಯ್ಯ.

ನಿರ್ದೇಶಕ ಕಾದ. ಇನ್ನೂ ಕಾದ. ಏನೂ ಆಗಲಿಲ್ಲ. ‘ಏಮಯ್ಯಾ, ಒಳ್ಳು ಬಾಗಲೇದಾ?’ ಎಂದು ಹಂಪಯ್ಯನ ಹಣೆ ಮುಟ್ಟಿ ನೋಡಿದ, ಜ್ವರ ಬಂದಿದೆಯೋ ಎಂದು.

ದೊಡ್ಡ ಮನುಷ್ಯರು ಬಾಗಿಲಲ್ಲೇ ನಿಂತುಬಿಟ್ಟರಲ್ಲ ಎಂದು ಸಿದ್ದರಾಮಪ್ಪನವರಿಗೆ ಗಾಬರಿಯಾಯಿತು. ಇಷ್ಟು ದಿನ ಅಂಗಡಿಯಲ್ಲಿ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಹೊರಬಂತು. ಮುಂದೆ ನುಗ್ಗಿ, ಟೊಪ್ಪಿಗೆ ಸರಿಮಾಡಿಕೊಂಡು, ಬಜಾರಿನ ಗಂಟಲಲ್ಲಿ, ‘ಅಯ್ಯ ಬರ್ರಿ ಬರ್ರಿ ಬರ್ರಿ, ಹಿಂದಿನವರೂ ಬರ್ರಿ, ಎಲ್ಲಾರೂ ಬರ್ರಿ’ ಎಂದು ಎರಡೂ ಕೈಯಿಂದ ಕರೆದರು.

ಟಿವಿಯ ಮಂದಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಿರ್ದೇಶಕ ಕಣ್ಣೊರೆಸಿಕೊಂಡು, ‘ಈ ಪೆದ್ದಾಯನ, ಈ ಹಿರಿಯರು, ಯಾರು?’ ಎಂದು ಕೇಳಿದ. ಆ ಕಣ್ಣನ್ನು ಹಂಪಯ್ಯ ಬಲ್ಲ. ಬಜಾರಿನಲ್ಲಿ ಒಳ್ಳೆ ಮಾಲು ಕಂಡವನ ಕಣ್ಣು ಅದು.

ಸಿದ್ದರಾಮಪ್ಪ ತಬ್ಬಿಬ್ಬಾಗಿ ನಿಂತರು. ಈಗ ಸಿಟ್ಟಿಗೇಳುತ್ತಾರೆ, ಮದುವೆಯ ಮನೆ ಕೆಡುತ್ತದೆ ಎಂದು ಹಂಪಯ್ಯ ಅವರ ತೋಳು ಹಿಡಿದ. ಆದರೆ ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ. ಅಷ್ಟು ಜನ, ಅಂಥ ದೊಡ್ಡ ಜನ, ತನ್ನನ್ನೇ ನೋಡಿ ನಗುತ್ತಿದ್ದಾರೆ ಎಂಬುದು ಮೆಲ್ಲಗೆ ಒಳಗಿಳಿಯುತ್ತಿತ್ತು. ತುಟಿಯ ತುದಿ ಒಂದಿಷ್ಟು ಮೇಲೆ ಹೋಯಿತು. ಹಂಪಯ್ಯನಿಗೆ ಆ ಮುಖ ಗುರುತಾಯಿತು. ಸೆಟ್ಟಿನಲ್ಲಿ ಅಂದು ತನ್ನದೂ ಹೀಗೇ ಇದ್ದಿರಬೇಕು. ತನಗೆ ಬಂದದ್ದು ಕನಿಕರವೋ ಮತ್ಸರವೋ ಅವನಿಗೇ ಬಗೆಹರಿಯಲಿಲ್ಲ.

‘ಬೀಗರ, ಸಾಕ್ರಿ’ ಎಂದು ಕಿವಿಯಲ್ಲಿ ಹೇಳಿದ. ‘ಒಳಗ ಹೋಗೋಣು.’

‘ತಡೀರಿ’ ಎಂದರು ಸಿದ್ದರಾಮಪ್ಪ, ಅವನ ಕೈ ಬಿಡಿಸಿಕೊಂಡು. ‘ಇನ್ನೊಂದು ಕಾರು ಬಂತು.’ ಗದ್ದ ಒಂದಿಷ್ಟು ಮುಂದೆ ಮಾಡಿದರು. ‘ಬರ್‍ರ್‍ರೀ.’

ಒಳಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಗೋದಾಬಾಯಿ ಇದನ್ನೆಲ್ಲ ನೋಡುತ್ತಿದ್ದಳು. ಸ್ನೇಹಲತಾ ಹೆದರಿ ಓಡಿಬಂದು, ‘ಅತ್ತೀ, ಇದೇನಾತು’ ಎಂದಳು.

‘ಏನಿಲ್ಲ’ ಎಂದಳು ಗೋದಾಬಾಯಿ, ಬಾಯಿಗೆ ಒಂದು ಅಡಿಕೆ ಚೂರು ಹಾಕಿಕೊಂಡು. ‘ಬಂಗಾರ ಬ್ಯಾಡ, ಗಾಡಿ ಬ್ಯಾಡ ಅಂದಿದ್ರಲ್ಲ ಬೀಗರು. ಹುಡುಗಿ ಸಂಗಾಟ ಎಮ್ಮಿ ಬಳುವಳಿ ಹೋತು ಬಿಡು.’